ಅಪ್‌ಡೇಟ್: ಬಗ್ಗಿಸಿದ ಸರಳು ನೇರ ಮಾಡುವಾಗ ಬಿರುಕು ಬಿಟ್ಟದ್ದೇಕೆ?

ಮೂಲ ಪ್ರಶ್ನೆ: 12 ಮಿ.ಮೀ. ಎಫ್‌ಇ 500 ದರ್ಜೆಯ ಟಿಎಂಟಿ ಸರಳನ್ನು (ಕಾಂಕ್ರೀಟಿನೊಳಗೆ ಹಾಕುವ, ಹೊರಮೈ ತಟ್ಟನೆ ತಣಿಸಿ ಗಟ್ಟಿ ಮಾಡಿದ ಉಕ್ಕಿನ ಸರಳು) 90 ಡಿಗ್ರಿ ಬಗ್ಗಿಸಿ, ಕೆಲವು ತಿಂಗಳ ನಂತರ ನೇರ ಮಾಡಿದರೆ ಬಾಗಿನಲ್ಲೇ ಬಿರುಕು. ಉಕ್ಕು ಕಳಪೆಯೇ?

ಉಕ್ಕಿನದಲ್ಲ, ಪಿನ್ನಿನದು (ಸರಳನ್ನು ಯಾವುದರ ಸುತ್ತ ಬಗ್ಗಿಸುತ್ತೇವೋ ಆ ದುಂಡು ಕಡ್ಡಿ) ತಪ್ಪು. ಬಳಸಿದ್ದು 25 ಮಿ.ಮೀ. ವ್ಯಾಸದ ಪಿನ್. ಹೊರಮೈ ಹಿಗ್ಗುವಿಕೆಯನ್ನು ಸರಳಿನ ವ್ಯಾಸ ÷ (ಪಿನ್ + ಸರಳು) ಎಂದು ಅಂದಾಜಿಸಬಹುದು: 12/37, ಅಂದರೆ ಸುಮಾರು ಶೇ. 32. ಇಂಥ ಸರಳುಗಳ ಭಾರತೀಯ ಮಾನಕವಾದ ಐಎಸ್ 1786ರ ಬಾಗು ಪರೀಕ್ಷೆಯಲ್ಲಿ 20 ಮಿ.ಮೀ. ವರೆಗಿನ ಎಫ್‌ಇ 500ಕ್ಕೆ ಪಿನ್ ವ್ಯಾಸ ಸರಳಿನ 4 ಪಟ್ಟು. 48 ಮಿ.ಮೀ. ಪಿನ್ ಇದ್ದಿದ್ದರೆ ಹಿಗ್ಗುವಿಕೆ ಶೇ. 20ಕ್ಕೇ ನಿಲ್ಲುತ್ತಿತ್ತು.

ತಣ್ಣಗೆ ಬಗ್ಗಿಸಿದಾಗ ಉಕ್ಕಿನ ಹರಳುಗಳೊಳಗೆ ಡಿಸ್‌ಲೊಕೇಶನ್‌ಗಳು (ಪರಮಾಣುಗಳ ಸಾಲಿನಲ್ಲಿನ ದೋಷಗಳು; ಇವು ಜಾರಿದರೇ ಉಕ್ಕು ಬಾಗುವುದು) ವಿಪರೀತ ಹೆಚ್ಚಿ, ಒಂದಕ್ಕೊಂದು ಸಿಕ್ಕಿಕೊಂಡು ಜಾರದಂತಾಗುತ್ತವೆ. ಅಲ್ಲಿ ಉಕ್ಕು ಗಟ್ಟಿಯಾಗುತ್ತದೆ, ಆದರೆ ಇನ್ನಷ್ಟು ಹಿಗ್ಗುವ ಶಕ್ತಿ ಖರ್ಚಾಗಿರುತ್ತದೆ. ಮೇಲಾಗಿ ವಿರಾಮದ ಅವಧಿಯಲ್ಲಿ ಸಾರಜನಕ, ಇಂಗಾಲದ ಪರಮಾಣುಗಳು ನಿಧಾನವಾಗಿ ಸರಿದು ಬಂದು ಆ ಡಿಸ್‌ಲೊಕೇಶನ್‌ಗಳನ್ನು ಕಟ್ಟಿಹಾಕುತ್ತವೆ. ಇದೇ ಸ್ಟ್ರೇನ್ ಏಜಿಂಗ್. ಬಗ್ಗಿಸಿ ಮತ್ತೆ ಹಿಂದಕ್ಕೆ ಬಾಗಿಸುವ ಮರುಬಾಗು ಪರೀಕ್ಷೆಯಲ್ಲಿ ಸರಳನ್ನು 30 ನಿಮಿಷ ಕುದಿಯುವ ನೀರಿನಲ್ಲಿ ಇಡುವುದೂ ಈ ಮುದಿತನವನ್ನು ಬೇಗ ತರಿಸಲೆಂದೇ. ಬಿರುಕು ಸರಳಿನ ಮೈಮೇಲಿನ ಉಬ್ಬುಗೆರೆಯ (ಪಕ್ಕೆಲುಬಿನ) ಬುಡದಿಂದಲೇ ಶುರುವಾಗಿತ್ತು. ಒತ್ತಡ ಸೇರುವುದೇ ಅಲ್ಲಿ.

ಗ್ಯಾಸ್ ಟಾರ್ಚಿನಿಂದ ಕೆಂಪಗೆ ಕಾಯಿಸಿ ನೇರ ಮಾಡಬಹುದೆಂದು ಮೊದಲು ಬಂದಿದ್ದ ಸಲಹೆಯನ್ನು ಕೈಬಿಡಲಾಗಿದೆ. ಟಿಎಂಟಿಯ ಬಲ ಇರುವುದು ಹೊರಗಿನ ಟೆಂಪರ್ಡ್ ಮಾರ್ಟೆನ್‌ಸೈಟ್ (ತಟ್ಟನೆ ತಣಿಸಿ, ಒಳಗಿನ ಬಿಸಿಯಿಂದ ಹದಗೊಂಡ ಗಟ್ಟಿ ಉಕ್ಕು) ಉಂಗುರದಲ್ಲಿ. ಕೆಂಪಗೆ ಕಾದರೆ ಅದು ಮೆತ್ತಗಾಗುತ್ತದೆ, ಮತ್ತೆ ತಣಿದರೂ ಹಳೆಯ ಬಲ ಮರಳದು.

ಈಗ ಬಿರುಕು ಬಿಟ್ಟ ಭಾಗವನ್ನು ಕತ್ತರಿಸಿ, ವಿನ್ಯಾಸಕಾರರ ಒಪ್ಪಿಗೆಯಂತೆ ಕಪ್ಲರ್ (ಎರಡು ಸರಳುಗಳ ತುದಿ ಜೋಡಿಸುವ ಕೊಳವೆ) ಹಾಕುವುದೆಂದು ತೀರ್ಮಾನವಾಗಿದೆ. ಮುಂದಿನ ಸರಳುಗಳಿಗೆ ಹೆಚ್ಚು ಹಿಗ್ಗಬಲ್ಲ ಎಫ್‌ಇ 500ಡಿ ದರ್ಜೆ: ಎಳೆತದ ಪರೀಕ್ಷೆಯಲ್ಲಿ (ಬಾಗಿನ ಲೆಕ್ಕವಲ್ಲ) ಕನಿಷ್ಠ ಹಿಗ್ಗುವಿಕೆ ಶೇ. 12ರ ಬದಲು 16. ಪಿನ್ ಮಾತ್ರ 48 ಮಿ.ಮೀ.ನದೇ.