ಓದುಗರ ಸ್ಪಂದನ: ಮಾರ್ಚ್ ಬಂದರೂ ಉತ್ತರವಿಲ್ಲ

ಕಳೆದ ಸಂಚಿಕೆಯಲ್ಲಿ ಓದುಗರೊಬ್ಬರು ಕೇಳಿದ್ದರು: "ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಪಿಎಚ್‌ಡಿಗೆಂದು ಹಾಕಿದ ಅರ್ಜಿಗಳಲ್ಲಿ ಅರ್ಧ ತಿರಸ್ಕೃತವಾಗಿವೆ. ಉಳಿದವುಗಳ ಸುದ್ದಿಯೇ ಇಲ್ಲ. ದಿನವಿಡೀ ಇಮೇಲ್ ನೋಡುತ್ತ ಕೂರುತ್ತೇನೆ. ನನಗೆ ಸಂಶೋಧನೆಯ ಯೋಗ್ಯತೆಯೇ ಇಲ್ಲವೇ?" ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಮೊದಲನೆಯದು ಉದ್ದವಿದೆ, ಕತ್ತರಿಸಲು ಮನಸ್ಸಾಗಲಿಲ್ಲ. – ಸಂ.

*

ನಿಮ್ಮ ಪತ್ರ ಓದಿ ನನ್ನ ಹಳೆಯ ಗಾಯ ಮತ್ತೆ ಹಸಿಯಾಯಿತು. ಆ ಕಥೆ ಬೇಡ, ನಿಮಗೆ ಬೇಕಾದ್ದನ್ನು ಬರೆಯುತ್ತೇನೆ.

ಪಿಎಚ್‌ಡಿ ಆಯ್ಕೆಗೆ ರ‍್ಯಾಂಕ್ ಪಟ್ಟಿ ಇರುವುದಿಲ್ಲ. ವಿಭಾಗದಲ್ಲಿ ಎಷ್ಟು ಜನರಿಗೆ ಹಣವಿದೆ, ಯಾರ ಅನುದಾನ ಮುಗಿಯಿತು, ಯಾರು ನಿವೃತ್ತಿಯ ಅಂಚಿನಲ್ಲಿದ್ದಾರೆ, ಯಾರ ಪ್ರಯೋಗಾಲಯ ಈಗಾಗಲೇ ತುಂಬಿದೆ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ನೀವು ಹೆಸರಿಸಿದ ಮಾರ್ಗದರ್ಶಕರು ಈ ವರ್ಷ ಯಾರನ್ನೂ ತೆಗೆದುಕೊಳ್ಳದಿದ್ದರೆ ಒಳ್ಳೆಯ ಅರ್ಜಿಯೂ ಬದಿಗೆ ಸರಿಯುತ್ತದೆ. ಇದ್ಯಾವುದನ್ನೂ ತಿರಸ್ಕಾರದ ಪತ್ರ ಹೇಳುವುದಿಲ್ಲ. ಅದರ ಒಕ್ಕಣೆ ಸಾಮಾನ್ಯವಾಗಿ ಎಲ್ಲರಿಗೂ ಒಂದೇ. ದಯವಿಟ್ಟು ಅದರೊಳಗೆ ನಿಮ್ಮ ಯೋಗ್ಯತೆಯ ತೀರ್ಪನ್ನು ಹುಡುಕಬೇಡಿ.

ಇನ್ನು ಮೌನದ ವಿಷಯ. ಧನಸಹಾಯದೊಂದಿಗೆ ಸೀಟು ಸಿಕ್ಕವರಿಗೆ ಒಪ್ಪಿಗೆ ತಿಳಿಸಲು ಏಪ್ರಿಲ್ 15ರವರೆಗೆ ಸಮಯವಿದೆ. ಅಲ್ಲಿನ ಉನ್ನತ ಶಿಕ್ಷಣ ಸಂಸ್ಥೆಗಳ ಒಕ್ಕೂಟವಾದ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್ ರೂಪಿಸಿದ ಈ ಒಡಂಬಡಿಕೆಗೆ ಬಹಳಷ್ಟು ವಿಶ್ವವಿದ್ಯಾಲಯಗಳು ಸಹಿ ಹಾಕಿವೆ. ಎರಡು ಮೂರು ಕಡೆ ಸೀಟು ಸಿಕ್ಕವರು ಕೊನೆಯ ವಾರದವರೆಗೂ ಯಾವುದನ್ನೂ ಬಿಡುವುದಿಲ್ಲ. ಅವರು ಬಿಟ್ಟಾಗಲೇ ವೇಯ್ಟ್‌ಲಿಸ್ಟ್ ಕದಲುವುದು. ಹಾಗಾಗಿ ಮಾರ್ಚಿನಲ್ಲಿ ಸುದ್ದಿ ಇಲ್ಲವೆಂದರೆ ಬಾಗಿಲು ಮುಚ್ಚಿತೆಂದೇ ಅರ್ಥವಲ್ಲ.

ಈ ವಾರವೇ ಪ್ರತಿ ವಿಭಾಗದ ಪ್ರವೇಶ ಸಂಯೋಜಕರಿಗೆ (ಪ್ರಾಧ್ಯಾಪಕರಿಗೆ ಬೇಡ) ನಾಲ್ಕು ಸಾಲಿನ ಇಮೇಲ್ ಕಳಿಸಿ: ಹೆಸರು, ಅರ್ಜಿ ಸಂಖ್ಯೆ, ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆಯೇ, ವೇಯ್ಟ್‌ಲಿಸ್ಟ್ ಇದೆಯೇ. ಅರ್ಜಿ ಹಾಕಿದ ಮೇಲೆ ಪ್ರಬಂಧವೇನಾದರೂ ಸ್ವೀಕೃತವಾಗಿದ್ದರೆ ಅದನ್ನೂ ಸೇರಿಸಿ. "ನೀವೇ ನನ್ನ ಮೊದಲ ಆಯ್ಕೆ" ಎಂಬ ಮಾತನ್ನು ಒಂದೇ ಕಡೆಗೆ ಬರೆಯಿರಿ, ಅದೂ ನಿಜವಿದ್ದರೆ.

*

ಎಲ್ಲ ಕಡೆಗೂ ಒಂದೇ ಎಸ್‌ಒಪಿಯನ್ನು (ಅರ್ಜಿಯ ಜೊತೆ ಕೊಡುವ ಉದ್ದೇಶ ಪತ್ರ) ವಿಶ್ವವಿದ್ಯಾಲಯದ ಹೆಸರು ಬದಲಿಸಿ ಕಳಿಸಿದ್ದೀರಾ? ಹಾಗಿದ್ದರೆ ಯೋಗ್ಯತೆಯ ಪ್ರಶ್ನೆ ಆಮೇಲೆ. ಮೊದಲು ಅದನ್ನು ತಿದ್ದಿ.

*

(ಮಾತು ಬಿರುಸಾಗಿದೆ. ಇದೇ ವಿಷಯವನ್ನು ಮುಂದಿನವರು ಬಿಡಿಸಿ ಹೇಳಿದ್ದಾರೆ. – ಸಂ.)

*

ಶಿಫಾರಸು ಪತ್ರಗಳ ಬಗ್ಗೆ ನೀವು ಏನೂ ಬರೆದಿಲ್ಲ. ಸಾಮಾನ್ಯವಾಗಿ ಮೂರು ಕೇಳುತ್ತಾರೆ. ಮೂರನೆಯದು ಬಂದೇ ಇಲ್ಲದಿದ್ದರೆ ಅರ್ಜಿ ಅಪೂರ್ಣವೆಂದು ಉಳಿದುಬಿಡಬಹುದು. ಪೋರ್ಟಲ್‌ನಲ್ಲಿ ಈಗಲೇ ನೋಡಿ. "ತರಗತಿಯಲ್ಲಿ ಚುರುಕು, ಒಳ್ಳೆಯ ಅಂಕ" ಎನ್ನುವ ಪತ್ರದಿಂದ ಹೆಚ್ಚೇನೂ ಆಗದು. ನಿಮ್ಮಿಂದ ಸಂಶೋಧನೆಯ ಕೆಲಸ ಮಾಡಿಸಿದವರೇ ಬರೆಯಬೇಕು. ಮತ್ತೆ ಅರ್ಜಿ ಹಾಕುವುದಾದರೆ ಅವರಿಗೆ ಆರು ವಾರ ಮೊದಲೇ ರೆಸ್ಯೂಮೆ, ಎಸ್‌ಒಪಿ ಕರಡು, ಕೊನೆಯ ದಿನಾಂಕಗಳ ಪಟ್ಟಿ ಕೊಡಿ. ಎಸ್‌ಒಪಿಯ ಮೊದಲ ಪ್ಯಾರಾದಲ್ಲೇ ನಿಮ್ಮ ಸಂಶೋಧನಾ ಪ್ರಶ್ನೆ ಬರಲಿ. ಬಾಲ್ಯದ ಕುತೂಹಲಕ್ಕೆ ಅಲ್ಲಿ ಜಾಗ ಕೊಡಬೇಡಿ. ಕೊನೆಯಲ್ಲಿ ಇಬ್ಬರು ಮೂವರು ಪ್ರಾಧ್ಯಾಪಕರ ಇತ್ತೀಚಿನ ಕೆಲಸ ನಿಮ್ಮ ಪ್ರಶ್ನೆಗೆ ಹೇಗೆ ಹೊಂದುತ್ತದೆಂದು ಬರೆಯಿರಿ. ಮುಂದಿನ ವರ್ಷಕ್ಕೆ ಜಿಆರ್‌ಇ ಪ್ರವೇಶ ಪರೀಕ್ಷೆಯ ಹಳೆಯ ಅಂಕ ನಡೆಯುತ್ತದೆ, ಅದಕ್ಕೆ 5 ವರ್ಷ ಬಾಳಿಕೆ. ಇಂಗ್ಲಿಷ್ ಪರೀಕ್ಷೆ ಟೋಫೆಲ್‌ಗೆ 2 ವರ್ಷ ಮಾತ್ರ.

*

ಮನೆಯವರು ದಿನಾ "ಏನಾಯ್ತು?" ಎಂದು ಕೇಳುತ್ತಿರಬೇಕಲ್ಲ? "ಏಪ್ರಿಲ್ 20ಕ್ಕೆ ನಾನೇ ಹೇಳುತ್ತೇನೆ" ಎಂದುಬಿಡಿ. ಆ ವಿಶ್ವವಿದ್ಯಾಲಯಗಳ ಇಮೇಲ್‌ಗೆ ಮಾತ್ರ ಸದ್ದು ಬರುವಂತೆ ಫೋನಿನಲ್ಲಿ ಹೊಂದಿಸಿ, ಉಳಿದದ್ದೆಲ್ಲ ಸುಮ್ಮನಿರಲಿ. ಸ್ಪ್ಯಾಮ್ ಮತ್ತು ಪೋರ್ಟಲ್ ನೋಡಲು ಸಂಜೆ ಒಂದು ಹೊತ್ತು ಸಾಕು. ಬೇರೆಯವರ ಫಲಿತಾಂಶ ನೋಡಿ ಲೆಕ್ಕ ಹಾಕಬೇಡಿ, ಅವರ ಉಪವಿಷಯ, ಮಾರ್ಗದರ್ಶಕರು ಎಲ್ಲ ಬೇರೆ.

*

ಸಂದರ್ಶನಕ್ಕೆ ಎಲ್ಲಾದರೂ ಕರೆದಿದ್ದರೇ? ಸಂದರ್ಶನ ನಡೆಸುವ ವಿಭಾಗಗಳಲ್ಲಿ ಒಂದೂ ಕರೆಯದಿದ್ದರೆ ಅರ್ಜಿಯ ಕಡತವನ್ನೇ ತಿದ್ದಬೇಕು. ಕರೆದ ಮೇಲೂ ಆಯ್ಕೆ ಮಾಡದಿದ್ದರೆ ಕಡತ ಸರಿಯಿದೆ, ಮುಂದಿನ ಬಾರಿ ಹೆಚ್ಚು ಹೊಂದುವ ಮಾರ್ಗದರ್ಶಕರನ್ನು ಹುಡುಕಿ.

*

(ಪತ್ರ ಬರೆದ ಓದುಗರು ಈ ಕೊನೆಯ ಪ್ರಶ್ನೆಗೆ ಉತ್ತರಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. ಸಂಯೋಜಕರಿಗೆ ಬರೆಯಬೇಕಾದ ನಾಲ್ಕು ಸಾಲು ಅಲ್ಲಿಯವರೆಗೆ ಕಾಯದಿರಲಿ. – ಸಂ.)