ಎಂಜಲು: ಬಾಯಿಯ ನೀರೋ, ತಟ್ಟೆಯಲ್ಲಿ ಮಿಕ್ಕಿದ್ದೋ?

ಮೊನ್ನೆ ಮಗಳು ವಿಜ್ಞಾನದ ಪಾಠ ಓದುತ್ತಾ ಕೂತಿದ್ದಳು. "ಅಮ್ಮಾ, ಲಾಲಾರಸ ಅಂದ್ರೇನು?" ಅಂತ ಕೇಳಿದಳು. ನಾನು ಒಲೆ ಮುಂದೆ ಇದ್ದೆ. "ಎಂಜಲು ಕಣೇ" ಅಂದುಬಿಟ್ಟೆ. ಸೊಪ್ಪು ಬಿಡಿಸುತ್ತಿದ್ದ ನಮ್ಮತ್ತೆ ತಲೆಯೆತ್ತಿದರು. "ಬಾಯೊಳಗೆ ಇರೋದು ಹೇಗೆ ಎಂಜಲಾಗುತ್ತೆ? ಬಾಯಿ ತಾಕಿದ್ದು ಎಂಜಲು. ಮಗೂಗೆ ತಪ್ಪು ಹೇಳಿಕೊಡಬೇಡ."

ಸುಮ್ನೆ ವಾದ ಅಂದುಕೊಂಡೆ. ಆದರೆ ಯೋಚಿಸಿದಷ್ಟೂ ಅತ್ತೆಯ ಮಾತೇ ಸರಿ ಅನ್ನಿಸತೊಡಗಿತು.

ನಮ್ಮಲ್ಲಿ ಬಾಯಿಯ ನೀರಿಗೆ ಮೂರು ಮಾತು ಇವೆ, ಮೂರೂ ಬೇರೆ ಬೇರೆ. ಮಗುವಿನ ತುಟಿಯಿಂದ ತಾನಾಗಿ ಇಳಿಯುವುದು ಜೊಲ್ಲು. ಬೇಕೆಂದೇ ಹೊರಗೆ ಹಾಕಿದ್ದು ಉಗುಳು. ಬೆರಳಿಗೆ ಹಚ್ಚಿಕೊಂಡು ನೋಟು ಎಣಿಸಿದರೆ ಮಾತ್ರ ಎಂಜಲು. ಮಗು ಎಂಜಲು ಸುರಿಸುತ್ತಿದೆ ಅಂತ ಯಾರೂ ಹೇಳುವುದಿಲ್ಲ, ಅಲ್ವಾ? ಎಂಜಲಾಗಬೇಕಾದರೆ ಅದು ಇನ್ನೊಂದಕ್ಕೆ ತಾಕಬೇಕು. ನೀರಿನ ಬಾಟಲಿಯನ್ನು ಎತ್ತಿ ಕುಡಿಯದೆ ಕಚ್ಚಿ ಕುಡಿದರೆ ಇಡೀ ಬಾಟಲಿ ಎಂಜಲು. ಅದರಲ್ಲಿ ಒಂದು ಹನಿ ಜೊಲ್ಲೂ ಕಾಣದಿದ್ದರೂ ಸರಿ.

ಚಿಕ್ಕಂದಿನಲ್ಲಿ ನಾನು ಈ ಪದದಲ್ಲಿ 'ಜಲ' ಇದೆ ಅಂತಲೇ ನಂಬಿದ್ದೆ. ಬಾಯಿಯ ಜಲ, ಎಂಜಲ. ಚೆನ್ನಾಗಿ ಕೂರುತ್ತದೆ, ಆದರೆ ಸುಳ್ಳು. ಹಳಗನ್ನಡದಲ್ಲಿ ಇದು 'ಎಂಜಲ್'. ಕಡಲ್ ಅನ್ನುವುದು ಕಡಲು ಆದ ಹಾಗೆ ಕೊನೆಗೆ ಉಕಾರ ಸೇರಿದೆ, ಅಷ್ಟೆ. ತಮಿಳು, ಮಲಯಾಳದಲ್ಲಿ ಇದು ಎಚ್ಚಿಲ್, ತೆಲುಗಿನಲ್ಲಿ ಎಂಗಿಲಿ. ಅಲ್ಲಿ ಜಲವೂ ಇಲ್ಲ, ಜಕಾರವೂ ಇಲ್ಲ.

ಬರೋ ಮತ್ತು ಎಮಿನೋ ಸೇರಿ ಮಾಡಿದ ದ್ರಾವಿಡ ಪದಮೂಲ ಕೋಶ 1961ರಲ್ಲಿ ಬಂತು, 1984ರಲ್ಲಿ ತಿದ್ದಿದ ಆವೃತ್ತಿ ಬಂತು. ಅದು ಇವನ್ನೆಲ್ಲ ತಮಿಳಿನ 'ಎಂಜು' ಅನ್ನುವ ಕ್ರಿಯೆಯ ಜೊತೆಗೆ ಇಡುತ್ತದೆ. ಎಂಜು ಅಂದರೆ ಮಿಗು, ಉಳಿ. ಕನ್ನಡದ ಎಂಜಲಿನಲ್ಲಿ ಆ 'ಂಜ' ಹಾಗೇ ಇದೆ. ತಮಿಳಿನ ನಾಮಪದದಲ್ಲಿ ಅದು 'ಚ್ಚ' ಆಗಿದೆ. ಇದು ವಿಚಿತ್ರವೇನಲ್ಲ. ನಮಗೂ ಅವರಿಗೂ 'ಅಂಜು' ಒಂದೇ. ನಾವು ಅಂಜಿಕೆ ಅಂದರೆ ಅವರು 'ಅಚ್ಚಂ' ಅನ್ನುತ್ತಾರೆ. ಅಂಜುವಿನಿಂದ ಅಚ್ಚಂ, ಎಂಜುವಿನಿಂದ ಎಚ್ಚಂ, ಎಚ್ಚಿಲ್.

ಅಂದರೆ ಎಂಜಲು ಮೊದಲಿಗೆ ನೀರೇ ಅಲ್ಲ, ಮಿಕ್ಕಿದ್ದು! ಉಂಡು ಬಿಟ್ಟದ್ದು ಎಂಜಲು. ಅದಕ್ಕೆ ಬಾಯಿ ತಾಕಿರುತ್ತದೆ, ಹಾಗಾಗಿ ಬಾಯಿ ತಾಕಿದ್ದೆಲ್ಲ ಎಂಜಲಾಯಿತು. ಕೊನೆಗೆ ತಾಕಿಸಿದ ಆ ನೀರಿಗೇ ಹೆಸರು ಅಂಟಿಕೊಂಡಿತು. ನಾನು ಮಗಳಿಗೆ ಹೇಳಿದ್ದು ಈ ಕೊನೆಯ ಅರ್ಥ. ಅತ್ತೆ ನಿಂತದ್ದು ನಡುವಿನ ಅರ್ಥದಲ್ಲಿ.

ಮೊದಲ ಅರ್ಥ ಇನ್ನೂ ಗಾದೆಯಲ್ಲಿ ಗಟ್ಟಿಯಾಗಿದೆ. 'ಎಂಜಲು ಕೈಯಲ್ಲಿ ಕಾಗೆ ಓಡಿಸದವನು' ಅಂತ ಜಿಪುಣನಿಗೆ ಹೇಳುತ್ತೇವೆ. ಯಾಕೆ ಓಡಿಸುವುದಿಲ್ಲ? ಕೈ ಬೀಸಿದರೆ ಅಂಟಿಕೊಂಡಿರುವ ಅಗುಳು ಉದುರೀತು, ಕಾಗೆ ತಿಂದೀತು ಅಂತ. ಇಲ್ಲಿ ಎಂಜಲು ಅಂದರೆ ಅನ್ನ. ಜೊಲ್ಲು ಅಂದುಕೊಂಡರೆ ಗಾದೆಗೆ ಅರ್ಥವೇ ಇರುವುದಿಲ್ಲ. ಇದೇ ಗಾದೆ ತಮಿಳಿನಲ್ಲೂ ಇದೆ, ತೆಲುಗಿನಲ್ಲೂ ಇದೆ. ಮೂರೂ ಕಡೆ ಅದೇ ಕೈ, ಅದೇ ಕಾಗೆ. 'ಎಂಜಲು ಬಳಿ' ಅನ್ನುವಾಗಲೂ ನಾವು ಬಳಿಯುವುದು ಎಲೆಯ ಸುತ್ತ ಚೆಲ್ಲಿದ ಅಗುಳನ್ನೇ.

ನಡುವಿನ ಅರ್ಥಕ್ಕೆ 12ನೇ ಶತಮಾನದ ಸಾಕ್ಷಿ ಉಂಟು. ಬಸವಣ್ಣನವರು ಒಂದು ವಚನದಲ್ಲಿ ಹಾಲು ಕರುವಿನ ಎಂಜಲು, ನೀರು ಮೀನಿನ ಎಂಜಲು, ಹೂವು ದುಂಬಿಯ ಎಂಜಲು, ಇನ್ನು ಪೂಜೆ ಹೇಗೆ ಮಾಡಲಿ ಎಂದು ಕೇಳುತ್ತಾರೆ. ಹೂವಿನ ಮೇಲೆ ದುಂಬಿಯ ಜೊಲ್ಲನ್ನು ಹುಡುಕಿದವರು ಯಾರು? ಮೊದಲೇ ಒಂದು ಬಾಯಿ ತಾಕಿದೆ ಅನ್ನುವುದಷ್ಟೇ ಅಲ್ಲಿ ಮಾತು.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ತಮಿಳಿನ ಎಚ್ಚಂ. ಅದೂ ಮಿಕ್ಕಿದ್ದೇ, ಆದರೆ ಎಲ್ಲೆಲ್ಲಿಗೋ ಹೋಗಿದೆ. ಹಕ್ಕಿಯ ಹಿಕ್ಕೆ ಎಚ್ಚಂ. ಪಳೆಯುಳಿಕೆಗೂ ಅದೇ ಪದ ಹಚ್ಚುತ್ತಾರೆ. ವ್ಯಾಕರಣದಲ್ಲಿ 'ಬಂದ', 'ಬಂದು' ತರಹದ ರೂಪಗಳು ಪೆಯರೆಚ್ಚಂ, ವಿನೈಯೆಚ್ಚಂ, ಅಂದರೆ ಮುಂದೆ ಹೆಸರೋ ಕ್ರಿಯೆಯೋ ಬಂದು ತುಂಬಬೇಕಾಗಿ ಉಳಿದವು. ತಿರುಕ್ಕುರಳಿನ 114ನೇ ಕುರಳು ಒಬ್ಬ ಯೋಗ್ಯನೋ ಅಲ್ಲವೋ ಎಂಬುದು ಅವನ ಎಚ್ಚದಿಂದ ತಿಳಿಯುತ್ತದೆ ಅನ್ನುತ್ತದೆ. ಅದನ್ನು ಕೆಲವರು ಮಕ್ಕಳು ಎಂದು ಓದುತ್ತಾರೆ, ಕೆಲವರು ಬಿಟ್ಟುಹೋದ ಹೆಸರು ಎಂದು. ಮಕ್ಕಳೂ ಹಿಕ್ಕೆಯೂ ಒಂದೇ ಪದದಲ್ಲಿ! ಅತ್ತೆಗೆ ಹೇಳಿದೆ. ನಗಲಿಲ್ಲ.

ಸಂಸ್ಕೃತವೂ ಇದೇ ದಾರಿಯಲ್ಲಿ ಅರ್ಧ ನಡೆದಿದೆ. ಉಚ್ಛಿಷ್ಟದಲ್ಲಿ ಇರುವುದು ಶೇಷ, ಅವಶೇಷಗಳ ಧಾತುವೇ. ಅದರಿಂದ ಮರಾಠಿಯ 'ಉಷ್ಟೆ' ಬಂತು. ಹಿಂದಿಯ 'ಜೂಠಾ' ಬೇರೆ, ಅದು 'ಜುಷ್ಟ'ದಿಂದ, ಅಂದರೆ ಸವಿದದ್ದು. ಇವೆರಡೂ ಬಾಯಿ ತಾಕಿದ್ದು ಎಂಬಲ್ಲಿಗೆ ನಿಂತವು. ಬಾಯಿಯ ನೀರಿಗೆ ಮರಾಠಿ, ಹಿಂದಿಯವರು ಬೇರೆ ಪದ ಇಟ್ಟುಕೊಂಡರು. ನಾವು ಮಾತ್ರ ಒಂದು ಹೆಜ್ಜೆ ಮುಂದೆ ಹೋದೆವು.

ತೆಲಂಗಾಣದಲ್ಲಿ ಒಂಬತ್ತು ದಿನದ ಬತುಕಮ್ಮ ಹಬ್ಬದ ಮೊದಲ ದಿನ ಮಹಾಲಯ ಅಮಾವಾಸ್ಯೆ. ಆ ದಿನದ ಹೆಸರು 'ಎಂಗಿಲಿ ಪೂಲ ಬತುಕಮ್ಮ', ಎಂಜಲು ಹೂವಿನ ಬತುಕಮ್ಮ. ಹೂವನ್ನು ಹಿಂದಿನ ದಿನವೇ ಕಿತ್ತಿಟ್ಟಿರುತ್ತಾರೆ, ಅದಕ್ಕೇ ಆ ಹೆಸರು ಎಂದು ಹೇಳುವವರುಂಟು. ಹಾಗಿದ್ದರೆ ಇಲ್ಲಿ ಬಾಯಿಯೇ ಇಲ್ಲ, ಬರೀ ನಿನ್ನೆಯದು. ನಮ್ಮ 'ಎಂಜಲು ಕಾಸು' ಕೂಡ ಇದರ ನಂಟ. ಇನ್ನೊಬ್ಬ ಎಸೆದ ದುಡ್ಡು ಅದು, ಬಾಯಿ ತಾಕಿದ್ದಲ್ಲ.

ಇನ್ನು ಕಾಗೆ ಎಂಜಲು. ಶಾಲೆಯಲ್ಲಿ ಒಂದೇ ಪೆಪ್ಪರ್‌ಮೆಂಟು ಇದ್ದರೆ ಅದನ್ನು ಅಂಗಿಯ ತುದಿಯಲ್ಲಿ ಸುತ್ತಿ, ಬಟ್ಟೆಯ ಮೇಲೆ ಕಚ್ಚಿ ಒಡೆಯುತ್ತಿದ್ದೆವು. ಬಾಯಿ ತಾಕಲಿಲ್ಲ, ಹಾಗಾಗಿ ಎಂಜಲಲ್ಲ. ಬಟ್ಟೆ ಒದ್ದೆಯಾಗಿ ಪೆಪ್ಪರ್‌ಮೆಂಟಿಗೂ ತಾಕಿರುತ್ತಿತ್ತು, ಅದು ಲೆಕ್ಕಕ್ಕಿಲ್ಲ! ತೆಲುಗರು ಇದನ್ನು ಕಾಕಿ ಎಂಗಿಲಿ ಅನ್ನುತ್ತಾರೆ. ತಮಿಳರು ಕಾಕ್ಕಾ ಕಡಿ, ಅಂದರೆ ಕಾಗೆಯ ಕಡಿತ. ನಮ್ಮಲ್ಲೇ ಕೆಲವರಿಗೆ ಇದು ಗುಬ್ಬಿ ಎಂಜಲು. ಕಾಗೆಯದು ಎಲ್ಲಿಯವರೆಗೆ, ಗುಬ್ಬಿಯದು ಎಲ್ಲಿಂದ? ನಿಮ್ಮ ಊರಿನ ಹೆಸರು ಸೇರಿಸಿ ಬರೆಯಿರಿ. ಬೇರೆ ಹಕ್ಕಿ ಇದ್ದರೆ ಅದನ್ನೂ ಹೇಳಿ.

ಮಗಳು ಅಂದಹಾಗೆ ನೋಟ್‌ಬುಕ್ಕಿನಲ್ಲಿ ಲಾಲಾರಸದ ಪಕ್ಕ 'ಜೊಲ್ಲು' ಅಂತ ಬರೆದುಕೊಂಡಳು. ಬರೆದಾದ ಮೇಲೆ ಬೆರಳಿಗೆ ಎಂಜಲು ಹಚ್ಚಿಕೊಂಡು ಪುಟ ತಿರುವಿದಳು. ಅತ್ತೆ ನೋಡಿಯೇಬಿಟ್ಟರು.