ಆಡುಬಾನ್ ಹಕ್ಕಿ ಚಿತ್ರ ಹರಾಜಿಗಿದೆ, ಅಸಲಿಯಾ?

ಹಕ್ಕಿಹುಚ್ಚ:
ನಾನು ಇರುವುದು ಪೆನ್ಸಿಲ್ವೇನಿಯಾದಲ್ಲಿ. ಇಲ್ಲಿ ಮುಂದಿನ ವಾರದ ಹರಾಜಿನಲ್ಲಿ ಅಮೆರಿಕದ ಹಕ್ಕಿಚಿತ್ರಕಾರ ಆಡುಬಾನ್‌ನ ಬ್ಲೂ ಜೇ (ನೀಲಿ ಬಣ್ಣದ ಹಕ್ಕಿ) ಚಿತ್ರವಿದೆ. 'ಒರಿಜಿನಲ್, ಕೈಯಲ್ಲಿ ಬಣ್ಣ ಹಾಕಿದ್ದು' ಎಂದಷ್ಟೇ ಬರೆದಿದ್ದಾರೆ. ಹಾಳೆ ಹತ್ತೂವರೆ ಇಂಚು ಉದ್ದ, ಆರೂವರೆ ಅಗಲ. ಶುರುವಿನ ಬೆಲೆ ನನ್ನ ಕೈಗೆಟಕುವಂತಿದೆ, ಅದಕ್ಕೇ ಅನುಮಾನ. ಅಷ್ಟು ದೊಡ್ಡ ಹೆಸರಿನವರ ಚಿತ್ರ ಇಷ್ಟು ಅಗ್ಗಕ್ಕೆ ಸಿಗುತ್ತದಾ?

ಹಳೆಕಾಗದ:
ಸಿಗುತ್ತದೆ, ಯಾಕೆಂದರೆ ಅದು ಅವನ 'ಬರ್ಡ್ಸ್ ಆಫ್ ಅಮೆರಿಕಾ'ದ ಮೊದಲ, ದೊಡ್ಡ ಪುಸ್ತಕದ ಹಾಳೆ ಅಲ್ಲ. 1827ರಿಂದ 1838ರವರೆಗೆ ಹೆಚ್ಚೂಕಮ್ಮಿ ಪೂರ್ತಿ ಲಂಡನ್ನಿನಲ್ಲಿ ಕೆತ್ತನೆಗಾರ ಹ್ಯಾವೆಲ್ ತಾಮ್ರದ ತಗಡಿನಿಂದ ಅಚ್ಚು ಹಾಕಿದ 435 ಚಿತ್ರಗಳಿವೆಯಲ್ಲ, ಅವುಗಳ ಹಾಳೆ ಮೂರಡಿಗಿಂತ ಉದ್ದ, ಲಕ್ಷಗಟ್ಟಲೆ ಬೆಲೆ. ನಿಮ್ಮದು ಅದೇ ಪುಸ್ತಕದ ಚಿಕ್ಕ ಗಾತ್ರದ ಆವೃತ್ತಿ, ಆಕ್ಟೇವೋ, ಇರಬೇಕು. ಅದನ್ನು 1840–44ರಲ್ಲಿ ನಿಮ್ಮ ಪಕ್ಕದ ಫಿಲಡೆಲ್ಫಿಯಾದ ಮುದ್ರಕ ಬೋವೆನ್ ಕಲ್ಲಚ್ಚಿನಲ್ಲಿ ತೆಗೆದು ಕೈಯಲ್ಲೇ ಬಣ್ಣ ಹಾಕಿಸಿದ. ಒಟ್ಟು 500 ಚಿತ್ರ. ಆಡುಬಾನ್ ಆಗ ಬದುಕಿದ್ದ, ತಾನೇ ಹೊರತಂದದ್ದು, ಹಾಗಾಗಿ 'ಒರಿಜಿನಲ್' ಅನ್ನುವುದು ಸುಳ್ಳಲ್ಲ. ಯಾವ ಆವೃತ್ತಿ ಅಂತ ಮಾತ್ರ ಬಿಡದೆ ಕೇಳಿ. 1856ರಿಂದ ಬಂದ ಆವೃತ್ತಿಗಳಲ್ಲಿ ಹಕ್ಕಿಯ ಹಿಂದೆ ತೆಳು ಬಣ್ಣ ಅಚ್ಚಾಗಿರುತ್ತದೆ, ಅವಕ್ಕೆ ಬೆಲೆ ಕಡಿಮೆ.

ಭೂತಗನ್ನಡಿ:
ಮೊದಲು ಫ್ರೇಮಿನಿಂದ ತೆಗೆಸಿ ನೋಡಿ. ಹತ್ತು ಪಟ್ಟು ದೊಡ್ಡದಾಗಿ ಕಾಣುವ ಲೆನ್ಸ್ ಹಿಡಿದಾಗ ಸಾಲು ಸಾಲು ಚುಕ್ಕಿ ಕಂಡರೆ ಅದು ಈಚಿನ ಆಫ್‌ಸೆಟ್ ಯಂತ್ರದ ಅಚ್ಚು, ಸುಮ್ನೆ ವಾಪಸ್ ಬನ್ನಿ. ಕೈ ಬಣ್ಣವಾದರೆ ಕುಂಚದ ಎಳೆತ ಕಾಣುತ್ತದೆ, ಅಲ್ಲಲ್ಲಿ ಬಣ್ಣ ಗೆರೆ ದಾಟಿರುತ್ತದೆ. ಎಡ ಅಂಚಿನಲ್ಲಿ ಹೊಲಿಗೆಯ ತೂತು ಕಂಡರೆ ಗಾಬರಿ ಬೇಡ, ಐದೈದು ಚಿತ್ರದ ಕಂತಾಗಿ ಹೊಲಿದು ಮಾರುತ್ತಿದ್ದರು, ಅದು ಒಳ್ಳೆಯ ಗುರುತೇ.

ಸುತ್ತಾಟ:
ಒಂದು ಮಾತು, ಕೆಲವರಿಗೆ ಹಿಡಿಸಲಿಕ್ಕಿಲ್ಲ. ಈ ಬಿಡಿ ಹಾಳೆಗಳು ಬರುವುದೇ ಪೂರ್ತಿ ಪುಸ್ತಕ ಹರಿದು ಮಾರುವವರಿಂದ. ನಾನಂತೂ ಕೊಳ್ಳುವುದಿಲ್ಲ.

ಹಳೆಕಾಗದ:
ಎಷ್ಟೋ ಪುಸ್ತಕ ಹರಿದು ನೂರು ವರ್ಷದ ಮೇಲಾಗಿದೆ ಮಾರಾಯ್ರೇ, ಈಗ ಈ ಹಾಳೆಯನ್ನು ಯಾರಾದರೂ ಚೆನ್ನಾಗಿ ನೋಡಿಕೊಳ್ಳಲಿ ಅಲ್ವಾ? ಇವತ್ತು ಹೊಸದಾಗಿ ಹರಿಯುವವರ ಮೇಲೆ ನನಗೂ ಸಿಟ್ಟಿದೆ.

ಭೂತಗನ್ನಡಿ:
ಹಕ್ಕಿಹುಚ್ಚ, ಆ ಜಗಳ ಬಿಡಿ. ಅಂಚು ಕತ್ತರಿಸಿದ್ದಾರಾ, ಬಿಸಿಲಿಗೆ ಬಣ್ಣ ಮಾಸಿದೆಯಾ ಅಂತ ಕೇಳಿ. ಜೇ ಹಕ್ಕಿಯಲ್ಲಿ ನೀಲಿಯೇ ಹೋದರೆ ಉಳಿಯುವುದೇನು? ಫ್ರೇಮಿನೊಳಗಿನ ಹಳೆ ರಟ್ಟಿನ (ಮೌಂಟ್ ಬೋರ್ಡ್) ಆಮ್ಲದಿಂದ ಸುತ್ತ ಕಂದು ಗೆರೆ ಬಿದ್ದಿದ್ದರೂ ಬೆಲೆ ಇಳಿಸಿ ಕೂಗಿ. ಆಮೇಲೆ, ಕೂಗಿದ ಬೆಲೆಯೇ ಕೊನೆಯಲ್ಲ. ಹರಾಜಿನವರ ಕಮಿಷನ್, ತೆರಿಗೆ ಸೇರಿಸಿ ಎಷ್ಟಾಗುತ್ತದೆ ಅಂತ ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಿ.

ಹಕ್ಕಿಹುಚ್ಚ:
ಥ್ಯಾಂಕ್ಸ್. ಫೋಟೋದಲ್ಲಿ ಕೆಳಗೆ ಬೋವೆನ್ ಹೆಸರು ಕಾಣುತ್ತಿದೆ, ಹಕ್ಕಿಯ ಹಿಂದೆ ಬಣ್ಣವಿಲ್ಲ, ಬರೀ ಬಿಳಿ ಕಾಗದ. ಹಾಳೆಯ ಹಿಂಬದಿಯ ಫೋಟೋ ಕೇಳಿದ್ದೇನೆ, ಬಂದರೆ ಇಲ್ಲೇ ಹಾಕುತ್ತೇನೆ.